ಕೆಂಚಿಯ ಹದಿನೈದು ಅಂಕಿಗಳು

2023ರ ಫೆಬ್ರವರಿಯಿಂದ ಆಗಸ್ಟಿನವರೆಗೆ ನಮ್ಮ ಮನೆಯ ಹಜಾರದಲ್ಲಿ ಒಂದು ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಕೂತಿತ್ತು. ಎದುರಿಗೆ ಕಂಬಿಯ ಬಾಗಿಲು, ನಾಲ್ಕೂ ಕಡೆ ಗಾಳಿಕಿಂಡಿ. ಹಾಲಿನವನಿಂದ ಹಿಡಿದು ಲೆಕ್ಕ ಕೇಳಲು ಬರುವ ಹುಡುಗರವರೆಗೆ ಎಲ್ಲರದೂ ಒಂದೇ ಪ್ರಶ್ನೆ: ‘ಇದೇನ್ ಸಾರ್?’

‘ನಮ್ಮ ಕೆಂಚಿ ಜರ್ಮನಿಗೆ ಹೋಗುವ ರಥ ಕಣಯ್ಯಾ’ ಎನ್ನುತ್ತಿದ್ದೆ.

ನಗದವರು ಕಡಿಮೆ. ಪಕ್ಕದ ಮನೆಯ ನಿವೃತ್ತ ಗುಮಾಸ್ತರಂತೂ, ‘ಮೇಷ್ಟ್ರೇ, ನಾನೂ ನೀವೂ ಇನ್ನೂ ಪಾಸ್‌ಪೋರ್ಟ್ ಮಾಡಿಸಿಲ್ಲ. ಬೀದಿಯಲ್ಲಿ ಸಿಕ್ಕಿದ ನಾಯಿ ವಿಮಾನ ಹತ್ತುತ್ತದಾ?’ ಎಂದು ಮೂಗಿನ ಮೇಲೆ ಬೆರಳಿಟ್ಟರು. ನನಗೂ ಮೊದಲು ಹಾಗೇ ಅನಿಸಿತ್ತು. ಸುಳ್ಳೇಕೆ ಹೇಳಲಿ?

ಕೆಂಚಿ ನನ್ನ ಮಗಳಿಗೆ ಸಿಕ್ಕಿದ್ದು 2020ರ ಲಾಕ್‌ಡೌನ್ ದಿನಗಳಲ್ಲಿ. ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಸಿಕ್ಕಿಬಿದ್ದಿದ್ದಳು. ಎದುರಿನ ಅರ್ಧ ಕಟ್ಟಿದ ಮನೆಯ ಮರಳಿನ ಗುಡ್ಡೆಯ ಹಿಂದೆ ಈ ಕೆಂಪು ಮರಿ ಕುಂಯ್‌ಗುಡುತ್ತಿತ್ತಂತೆ. ಬಿಸ್ಕತ್ತು ಹಾಕಿದಳು, ಅದು ಹಿಂದೆಯೇ ಮೆಟ್ಟಿಲು ಹತ್ತಿತು. ಆಮೇಲೆ ಮರಿಯನ್ನು ಎತ್ತಿಕೊಂಡೇ ತುಮಕೂರಿಗೆ ಬಂದಳು. ‘ಅಪ್ಪಾ, ಆ ಮೂರು ತಿಂಗಳು ನಾನು ಮಾತಾಡಿದ್ದು ಇವಳ ಜೊತೆ ಮಾತ್ರ’ ಎಂದಾಗ ನನ್ನ ಹೆಂಡತಿ ಎದ್ದು ಅಡುಗೆಮನೆಯಿಂದ ಹಾಲು ತಂದಳು. ಅಲ್ಲಿಗೆ ಅರ್ಜಿ ಮಂಜೂರಾಯಿತು.

2023ರ ಜನವರಿಯಲ್ಲಿ ಮಗಳಿಗೆ ಜರ್ಮನಿಯ ವಿಶ್ವವಿದ್ಯಾಲಯವೊಂದರಿಂದ ಪತ್ರ ಬಂತು. ಪಿಎಚ್.ಡಿ. ಸಂಶೋಧನೆಗೆ ಜೂನ್ 1ರಂದು ಸೇರಬೇಕು. ಸಿಹಿ ಹಂಚಿದ ಸಂಜೆಯೇ ಅವಳು ಹೇಳಿದಳು: ‘ಕೆಂಚಿಯನ್ನು ಬಿಟ್ಟು ಹೋಗಲ್ಲ.’ ಐದು ತಿಂಗಳು ಕೈಯಲ್ಲಿದೆ, ಅದೇನು ಮಹಾ ಎಂದುಕೊಂಡೆ. ಹಬ್ಬಕ್ಕೆ ಊರಿಗೆ ಹೋಗುವಾಗ ಬಸ್ಸಿನಲ್ಲಿ ಬೆಕ್ಕನ್ನು ಚೀಲದಲ್ಲಿ ಒಯ್ದವರನ್ನು ನೋಡಿ ಬೆಳೆದವನು ನಾನು.

ಪಶುವೈದ್ಯರು ಕೆಂಚಿಯ ಲಸಿಕೆ ಪುಸ್ತಕ ತಿರುವಿ ಹಾಕಿದರು. ಪ್ರತಿ ವರ್ಷವೂ ತಪ್ಪದೆ ಹುಚ್ಚುನಾಯಿ ರೋಗದ, ಅಂದರೆ ರೇಬೀಸ್‌ನ, ಲಸಿಕೆ ಹಾಕಿಸಿದ್ದೆವು. ನಾನು ಹೆಮ್ಮೆಯಿಂದ ನೋಡುತ್ತಿದ್ದೆ. ಅವರು ಪುಸ್ತಕ ಮುಚ್ಚಿ, ‘ಸಾರ್, ಇದು ಯಾವುದೂ ಲೆಕ್ಕಕ್ಕೆ ಬರಲ್ಲ’ ಎಂದರು.

‘ಯಾಕೆ?’

‘ಚಿಪ್ಪು ಹಾಕಿಸಿಲ್ಲ. ಮೊದಲು ಚಿಪ್ಪು, ಆಮೇಲೆ ಲಸಿಕೆ. ಒಂದೇ ದಿನವಾದರೂ ಸರಿ, ಆದರೆ ಕ್ರಮ ತಪ್ಪಬಾರದು.’

ನನಗೆ ಸ್ವಲ್ಪ ಸಿಟ್ಟು ಬಂತು. ಕ್ಷಣ ಯೋಚಿಸಿದ ಮೇಲೆ ಅರ್ಥವಾಯಿತು. ಹಾಲ್‌ಟಿಕೆಟ್ ಸಂಖ್ಯೆ ಬರೆಯದ ಉತ್ತರಪತ್ರಿಕೆಯನ್ನು ನಾವು ಏನು ಮಾಡುತ್ತೇವೆ? ಒಳಗೆ ಎಷ್ಟೇ ಚೆನ್ನಾಗಿ ಬರೆದಿರಲಿ, ಅದು ಯಾರದು ಎಂದು ಹೇಳುವಂತಿಲ್ಲ. ಕೆಂಚಿಗೆ ಹಾಕಿದ ಲಸಿಕೆ ಕೆಂಚಿಗೇ ಬಿತ್ತು ಎಂಬುದಕ್ಕೆ ನನ್ನ ಮಾತಿನ ಹೊರತು ಬೇರೆ ಸಾಕ್ಷಿ ಇರಲಿಲ್ಲ. ಕೆಂಪು ಬಣ್ಣದ, ಕಿವಿ ನಿಮಿರಿದ ನಾಯಿ ನಮ್ಮ ಬೀದಿಯಲ್ಲೇ ನಾಲ್ಕಿವೆ.

ಈ ಚಿಪ್ಪಿನ ಬಗ್ಗೆ ಒಂದು ಮಾತು. ಇದು ನಾಯಿ ಎಲ್ಲಿದೆ ಎಂದು ಆಕಾಶದ ಉಪಗ್ರಹಕ್ಕೆ ಹೇಳುವ ಯಂತ್ರವೆಂದು ಹಲವರು ತಿಳಿದಿದ್ದಾರೆ. ಅಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಗಾಜಿನ ಕೊಳವೆ, ಒಳಗೆ ತಂತಿಯ ಸುರುಳಿ, ಪುಟ್ಟದೊಂದು ಚಿಪ್ಪು, ಅಷ್ಟೇ. ಬ್ಯಾಟರಿ ಇಲ್ಲ. ದಪ್ಪ ಸೂಜಿಯಿಂದ ಭುಜಗಳ ನಡುವೆ ಚರ್ಮದ ಕೆಳಗೆ ಇಳಿಸುತ್ತಾರೆ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಅದರಿಂದ ಹೊರಡುವ 134.2 ಕಿಲೋಹರ್ಟ್ಸ್‌ನ ಅಲೆ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಆ ಕ್ಷಣ ಮಾತ್ರ ಚಿಪ್ಪು ಎಚ್ಚರಗೊಂಡು ತನ್ನ 15 ಅಂಕಿಗಳ ಸಂಖ್ಯೆ ಹೇಳಿ ಮತ್ತೆ ನಿದ್ದೆ ಹೋಗುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಹತ್ತನೇ ತರಗತಿಗೆ ವರ್ಷವರ್ಷವೂ ಪಾಠ ಮಾಡಿದವನು ನಾನು. ಅದು ನಾಯಿಯ ಬೆನ್ನಿನಲ್ಲಿ ಟಿಂಯ್ ಎಂದದ್ದನ್ನು ಕೇಳಿದ್ದು ಆವತ್ತೇ ಮೊದಲು.

ಜನವರಿ 18ರಂದು ಚಿಪ್ಪು, ಅದರ ಬೆನ್ನಿಗೇ ಹೊಸದಾಗಿ ಲಸಿಕೆ. ಆಮೇಲೆ ಕನಿಷ್ಠ 30 ದಿನ ಕಾಯಬೇಕು, ಏಕೆಂದರೆ ಲಸಿಕೆ ಹಾಕಿದ ಮಾತ್ರಕ್ಕೆ ರಕ್ಷಣೆ ಬರುವುದಿಲ್ಲ. ದೇಹ ಪ್ರತಿಕಾಯಗಳನ್ನು ತಯಾರಿಸಲು ಸಮಯ ಬೇಕು. ಬಳಿಕ ರಕ್ತ ತೆಗೆದು ಯುರೋಪಿಯನ್ ಒಕ್ಕೂಟ ಮಾನ್ಯ ಮಾಡಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಭಾರತದಂತೆ ಅವರ ಪಟ್ಟಿಯಲ್ಲಿ ಇಲ್ಲದ ದೇಶಗಳಿಂದ ಬರುವ ನಾಯಿ, ಬೆಕ್ಕುಗಳಿಗೆಲ್ಲ ಇದು ಕಡ್ಡಾಯ.

ಆ ಪರೀಕ್ಷೆಯ ಹೆಸರಿನಲ್ಲೇ ನಮ್ಮ ಪಾಠವಿದೆ. ಬ್ಯುರೆಟ್ಟಿನಿಂದ ಹನಿಹನಿ ಪ್ರತ್ಯಾಮ್ಲ ಬಿಟ್ಟು, ಫಿನಾಲ್ಫ್‌ಥಲೀನ್ ಗುಲಾಬಿಗೆ ತಿರುಗುವ ತನಕ ನೋಡಿ, ಆಮ್ಲದ ಪ್ರಬಲತೆ ಅಳೆಯುವುದನ್ನು ಅನುಮಾಪನ, ಟೈಟ್ರೇಷನ್ ಎನ್ನುತ್ತೇವಲ್ಲ, ಇದೂ ಅದೇ. ಇಲ್ಲಿ ರಕ್ತದ ಸೀರಮ್ಮನ್ನು ಹಂತಹಂತವಾಗಿ ತೆಳುಗೊಳಿಸುತ್ತಾರೆ. ಪ್ರತಿ ಹಂತಕ್ಕೂ ನಿಗದಿತ ಪ್ರಮಾಣದ ರೇಬೀಸ್ ವೈರಸ್ ಬೆರೆಸಿ, ಜೀವಕೋಶಗಳ ಮೇಲೆ ಬಿಡುತ್ತಾರೆ. ವೈರಸ್ ಕೋಶದೊಳಗೆ ಹೊಕ್ಕಿದ್ದರೆ ಹೊಳೆಯುವ ಬಣ್ಣವೊಂದು ಅದನ್ನು ಸೂಕ್ಷ್ಮದರ್ಶಕದಡಿ ತೋರಿಸುತ್ತದೆ. ಎಷ್ಟು ತೆಳುವಾಗುವವರೆಗೂ ಸೀರಮ್ ವೈರಸ್ಸನ್ನು ತಡೆದು ನಿಲ್ಲಿಸಿತು ಎಂಬುದೇ ಉತ್ತರ. ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಘಟಕ ಬಂದರೆ ಪಾಸು.

ಇನ್ನು ನಾನು ಮಾಡಿದ ಘನಕಾರ್ಯ.

ಫೆಬ್ರವರಿ 20ರಂದು ರಕ್ತ ತೆಗೆದರು. ಆ ದಿನ ಆಸ್ಪತ್ರೆ ಕಿಕ್ಕಿರಿದಿತ್ತು. ವೈದ್ಯರು ಕೆಂಚಿಯ ಕಾಲು ಹಿಡಿದು ರಕ್ತನಾಳ ಹುಡುಕುತ್ತಿದ್ದರೆ, ಮೇಜಿನ ಮೇಲೆ ತುಂಬಬೇಕಾದ ನಮೂನೆ ಇತ್ತು. ‘ಕೊಡಿ ಡಾಕ್ಟರೇ, ನನ್ನ ಅಕ್ಷರ ಚೆನ್ನಾಗಿದೆ’ ಎಂದು ಪೆನ್ನು ತೆಗೆದೆ. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಕೈ. ನಮೂನೆಯ ಮೇಲೂ ರಕ್ತದ ಕೊಳವೆಯ ಚೀಟಿಯ ಮೇಲೂ ದುಂಡಾಗಿ 15 ಅಂಕಿ ಬರೆದೆ. ವೈದ್ಯರು ನನ್ನ ಮೇಲಿನ ನಂಬಿಕೆಯಿಂದ ಸಹಿ ಹಾಕಿದರು.

ಮಾರ್ಚ್ ನಡುವಿನಲ್ಲಿ ವರದಿ ಬಂತು. ನಾನು ನೋಡಿದ್ದು ಒಂದೇ ಸಾಲು. 0.5 ಬೇಕಿತ್ತು, ಕೆಂಚಿಯದು ಅದರ ಹಲವು ಪಟ್ಟು ಇತ್ತು. ಮನೆಯಲ್ಲಿ ಪಾಯಸ. ವರದಿ ಫೈಲಿಗೆ ಹೋಯಿತು.

ಮೇ ಮೊದಲ ವಾರ. ರಕ್ತ ತೆಗೆದ ದಿನದಿಂದ ಪೂರ್ತಿ ಮೂರು ತಿಂಗಳು ಕಾಯಬೇಕೆಂಬ ನಿಯಮದಂತೆ ಮೇ 20ಕ್ಕೆ ಗಡುವು ಮುಗಿಯುತ್ತಿತ್ತು. 25ಕ್ಕೆ ಟಿಕೆಟ್ಟು. ಮಗಳು ಕಾಗದಗಳನ್ನು ಹರಡಿಕೊಂಡು ಒಂದೊಂದೇ ಹೋಲಿಸುತ್ತ ಕೂತಿದ್ದವಳು ಸುಮ್ಮನಾದಳು. ಮತ್ತೆ ನೋಡಿದಳು. ‘ಅಪ್ಪಾ, ಇಲ್ಲಿ ಬಾ’ ಎಂದಳು.

ಚಿಪ್ಪಿನ ಸಂಖ್ಯೆಯ ಹನ್ನೊಂದು, ಹನ್ನೆರಡನೆಯ ಅಂಕಿಗಳು 36. ವರದಿಯಲ್ಲಿದ್ದದ್ದು 63. ನಮೂನೆಯ ಪ್ರತಿ ತೆಗೆದು ನೋಡಿದೆವು. ದುಂಡಾದ, ಚೆಂದದ, ನನ್ನದೇ ಅಕ್ಷರ.

ವೈದ್ಯರ ಬಳಿ ಓಡಿದೆ. ಪಾಪ, ಅವರಿಗೂ ಸಂಕಟ. ‘ತಿದ್ದಿಸಿಕೊಡಿ ಅಂತ ಬರೆಯಬಹುದು ಸಾರ್. ಆದರೆ ಕೊಳವೆಯ ಮೇಲೇ 63 ಇತ್ತು. ಅದು ಇನ್ನೊಂದು ನಾಯಿಯ ರಕ್ತವಲ್ಲ ಎಂದು ಪ್ರಯೋಗಾಲಯದವರು ಹೇಗೆ ಪ್ರಮಾಣ ಮಾಡುತ್ತಾರೆ? ಅಲ್ಲಿನ ಗಡಿಯಲ್ಲಿ ತಕರಾರು ಬಂದರೆ ಏನಾಗುತ್ತದೆ ಗೊತ್ತಾ?’ ಎಂದರು. ಗೊತ್ತಿತ್ತು, ನಿಯಮ ಓದಿದ್ದೆ. ಕಾಗದ ಸರಿಯಿಲ್ಲದ ಪ್ರಾಣಿಯನ್ನು ಬಂದ ದೇಶಕ್ಕೆ ವಾಪಸು ಕಳಿಸಬಹುದು, ಪ್ರತ್ಯೇಕವಾಗಿ ಕೂಡಿಡಬಹುದು, ಬೇರೆ ದಾರಿಯೇ ಇಲ್ಲದಿದ್ದರೆ ಕೊನೆಗೆ ದಯಾಮರಣಕ್ಕೂ ಒಪ್ಪಿಸಬಹುದು.

ಮೇ 8ರಂದು ಮತ್ತೆ ರಕ್ತ ತೆಗೆಸಿದೆವು. ಈ ಸಲ ಅಂಕಿಗಳನ್ನು ವೈದ್ಯರೇ ಬರೆದರು, ಮಗಳು ಗಟ್ಟಿಯಾಗಿ ಓದಿದಳು, ನಾನು ಕೈಕಟ್ಟಿ ನಿಂತಿದ್ದೆ. ಹೊಸ ಗಡುವು ಆಗಸ್ಟ್ 8.

ಮನೆಗೆ ಬರುವ ದಾರಿಯಲ್ಲಿ ಮಗಳು ಬೈಯಲಿಲ್ಲ. ಆಟೋದಲ್ಲಿ ಕೆಂಚಿಯ ತಲೆ ಸವರುತ್ತ, ‘ಅಪ್ಪಾ, ಹತ್ತನೇ ಕ್ಲಾಸಿನ ಪ್ರಿಪರೇಟರಿಯಲ್ಲಿ ದಶಮಾಂಶ ಬಿಂದು ತಪ್ಪು ಜಾಗದಲ್ಲಿ ಇಟ್ಟಿದ್ದಕ್ಕೆ ನನಗೆ ಅರ್ಧ ಮಾರ್ಕು ಕಳೆದಿದ್ದೆ, ನೆನಪಿದೆಯಾ? ವಿಧಾನ ಸರಿ ಇದೆಯಲ್ಲ ಅಂತ ಅತ್ತಿದ್ದೆ’ ಎಂದಳು. ಅವಳು ನನ್ನ ಶಾಲೆಯಲ್ಲೇ, ನನ್ನ ತರಗತಿಯಲ್ಲೇ ಓದಿದವಳು. ನನಗೆ ನೆನಪಿತ್ತು. ಏನೂ ಹೇಳಲಾಗಲಿಲ್ಲ.

ಮೇ 25ರಂದು ಮಗಳು ಒಬ್ಬಳೇ ಹೋದಳು. ಕೆಂಚಿ ಎರಡು ದಿನ ಗೇಟಿನ ಬಳಿಯೇ ಮಲಗಿತು. ಅನ್ನ ಮುಟ್ಟಲಿಲ್ಲ. ಇನ್ನೊಂದು ತೊಡಕೂ ಇತ್ತು. ಮನೆಯ ಸಾಕುಪ್ರಾಣಿ ಎಂಬ ಲೆಕ್ಕದಲ್ಲಿ ಹೋಗಬೇಕಾದರೆ, ಒಡೆಯರ ಪ್ರಯಾಣಕ್ಕೂ ಪ್ರಾಣಿಯ ಪ್ರಯಾಣಕ್ಕೂ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಆದ್ದರಿಂದ ಮಗಳೇ ಆಗಸ್ಟಿನಲ್ಲಿ ಮರಳಿ ಬರಬೇಕು. ನನ್ನ ಎರಡು ಅಂಕಿಯ ಬೆಲೆ ಜರ್ಮನಿಯಿಂದ ಬೆಂಗಳೂರಿಗೆ ಬಂದುಹೋಗುವ ಒಂದು ಟಿಕೆಟ್ಟು. ಹಣ ನಾನು ಕೊಟ್ಟೆ. ಗೇಟಿನ ಬಳಿ ಮಲಗಿದ್ದ ನಾಯಿಗೆ ಅದರಿಂದೇನೂ ಆಗಲಿಲ್ಲ.

ಆ ದಿನಗಳಲ್ಲಿ ನನ್ನ ಸಿಟ್ಟೆಲ್ಲ ನಿಯಮದ ಮೇಲೆ ತಿರುಗಿತು. ತಪ್ಪು ಮಾಡಿದವರು ಮಾಡುವುದೇ ಹೀಗೆ. ‘ಲಸಿಕೆ ಹಾಕಿದ್ದೇವೆ. ಪ್ರತಿಕಾಯ ಬೇಕಾದ್ದಕ್ಕಿಂತ ಹೆಚ್ಚಿದೆ. ನಾಯಿ ಎದುರಿಗೆ ಗುಂಡುಕಲ್ಲಿನ ಹಾಗೆ ಆರೋಗ್ಯವಾಗಿ ನಿಂತಿದೆ. ಮತ್ತೆ ಮೂರು ತಿಂಗಳು ಯಾಕೆ?’ ಎಂದು ಒಂದು ರಾತ್ರಿ ಊಟದ ಹೊತ್ತಿಗೆ ಹೆಂಡತಿಯ ಮುಂದೆ ಕೂಗಾಡಿದೆ. ಅವಳು ತಟ್ಟೆಗೆ ಸಾರು ಬಡಿಸುತ್ತ, ‘ನಿಮ್ಮ ಆ ಸ್ನೇಹಿತನೂ ಆರೋಗ್ಯವಾಗಿಯೇ ಇದ್ದ ಅಂತಿದ್ರಲ್ಲ’ ಎಂದಳು. ನಾನು ಅಲ್ಲಿಗೆ ಬಾಯಿ ಮುಚ್ಚಿದೆ.

ಅದು 1979ರ ಮಾತು. ನನಗೆ ಹತ್ತು ವರ್ಷ. ಗುಬ್ಬಿ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಶಾಲೆ ಬಿಟ್ಟು ಬರುವಾಗ ಎಲ್ಲಿಂದಲೋ ಬಂದ ನಾಯಿಯೊಂದು ನಮ್ಮಿಬ್ಬರ ಮೇಲೆರಗಿತು. ನನ್ನ ಮೀನಖಂಡ ಹರಿದು ರಕ್ತ ಸುರಿಯಿತು, ಮುಚ್ಚಿಡುವಂತಿರಲಿಲ್ಲ. ತಂದೆ ಹೊತ್ತುಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿದರು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ನನ್ನ ವಯಸ್ಸಿನವರಿಗೆ ಆ ಮಾತು ಕೇಳಿದರೇ ಹೊಟ್ಟೆ ಹಿಂಡುತ್ತದೆ. ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ಕಸೌಲಿಯಲ್ಲಿ ರೂಪಿಸಿದ, ಕುರಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ಕಾರ್ಬಾಲಿಕ್ ಆಮ್ಲದಿಂದ ನಿಷ್ಕ್ರಿಯಗೊಳಿಸಿ ತಯಾರಿಸುತ್ತಿದ್ದ ಲಸಿಕೆ ಅದು. ನಮ್ಮ ದೇಶ ಅದನ್ನು ಪೂರ್ತಿ ಕೈಬಿಟ್ಟದ್ದು 2005ರ ಹೊತ್ತಿಗೆ.

ನನ್ನ ಸ್ನೇಹಿತನಿಗೆ ಆದದ್ದು ಬೆರಳಿಗೆ ಒಂದು ಗೀರು. ಅಪ್ಪ ಹೊಡೆಯುತ್ತಾನೆಂದು ಮನೆಯಲ್ಲಿ ಹೇಳಲಿಲ್ಲ. ‘ನೀನೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡ. ನಾನು ಹೇಳಲಿಲ್ಲ. ಆಮೇಲೆ ಎರಡು ತಿಂಗಳು ನನ್ನ ಜೊತೆ ಗೋಲಿ ಆಡಿದ, ಕೆರೆಯಲ್ಲಿ ಈಜಿದ, ಮಾವಿನಮರ ಹತ್ತಿದ. ಗುಂಡುಕಲ್ಲಿನ ಹಾಗಿದ್ದ. ಒಂದು ಬೆಳಿಗ್ಗೆ ಕೈ ಜುಮ್ಮೆನ್ನುತ್ತದೆ ಎಂದ. ಮೂರನೆಯ ದಿನ ನೀರಿನ ಚೊಂಬು ಕಂಡರೆ ಕಿರುಚುತ್ತಿದ್ದ. ಆ ವಾರ ಮುಗಿಯಲಿಲ್ಲ.

ವಿಜ್ಞಾನ ಓದಿದ ಮೇಲೆ ನನಗೆ ತಿಳಿದದ್ದು, ಆ ಎರಡು ತಿಂಗಳು ಏನು ನಡೆಯಿತು ಎಂದು. ಕಚ್ಚಿದ ಜಾಗದಿಂದ ವೈರಸ್ ರಕ್ತದಲ್ಲಿ ಓಡುವುದಿಲ್ಲ. ನರದ ಎಳೆಯನ್ನು ಹಿಡಿದು ಸದ್ದಿಲ್ಲದೆ, ನಿಧಾನವಾಗಿ ಮಿದುಳಿನ ಕಡೆ ನಡೆಯುತ್ತದೆ. ಕೆಲವು ವಾರ, ಕೆಲವು ತಿಂಗಳು, ಅಪರೂಪಕ್ಕೆ ಅದಕ್ಕೂ ಹೆಚ್ಚು. ಅದು ನಡೆಯುವಾಗ ಜ್ವರವಿಲ್ಲ, ನೋವಿಲ್ಲ. ಮಿದುಳು ತಲುಪಿ ಲಕ್ಷಣ ಕಾಣಿಸಿದ ಮೇಲೆ ಚಿಕಿತ್ಸೆ ಇಲ್ಲವೆಂದೇ ಹೇಳಬೇಕು.

ನಾಯಿಯ ದೇಹದಲ್ಲೂ ಹೀಗೆಯೇ. ಲಸಿಕೆ ಹಾಕುವ ಮೊದಲೇ ಅದಕ್ಕೆ ಸೋಂಕು ತಗುಲಿದ್ದರೆ, ಲಸಿಕೆ ಹಾಕಿದ ಮೇಲೂ ರೋಗ ಬರಬಹುದು. ರಕ್ತದಲ್ಲಿ ಪ್ರತಿಕಾಯ ಸಿಕ್ಕ ಮಾತ್ರಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ. ನೋಡಿದರೆ ಆರೋಗ್ಯ, ಪರೀಕ್ಷಿಸಿದರೆ ಪಾಸು, ಒಳಗೆ ಮಾತ್ರ ವೈರಸ್ ನಡೆಯುತ್ತಿರುತ್ತದೆ. ಅದನ್ನು ಬಯಲಿಗೆ ತರಲು ಕಾಲವೊಂದೇ ಉಪಾಯ. ಆ ಮೂರು ತಿಂಗಳು ಯಾರೋ ಅಧಿಕಾರಿಯ ಹಟವಲ್ಲ. ಅದೂ ಪರೀಕ್ಷೆಯ ಒಂದು ಭಾಗ.

ಬ್ರಿಟನ್ ಇದನ್ನು ಬಲು ಕಷ್ಟಪಟ್ಟು ಕಲಿತ ದೇಶ. 1922ರಲ್ಲಿ ತನ್ನ ನೆಲದ ನಾಯಿಗಳಿಂದ ರೇಬೀಸ್ ಓಡಿಸಿದ ಮೇಲೆ, ಹೊರಗಿನಿಂದ ಬಂದ ನಾಯಿಗಳನ್ನು ಆರು ತಿಂಗಳು ಕೂಡಿಡುತ್ತಿತ್ತು. 1969ರಲ್ಲಿ ಕ್ಯಾಂಬರ್ಲಿ ಎಂಬ ಊರಿನಲ್ಲಿ, ಆ ಆರು ತಿಂಗಳನ್ನೂ ಮುಗಿಸಿ ಮನೆ ಸೇರಿದ್ದ ನಾಯಿಯೊಂದಕ್ಕೆ ರೋಗ ಕಾಣಿಸಿಕೊಂಡು ದೇಶವೇ ನಡುಗಿತು. ಚಿಪ್ಪು, ಲಸಿಕೆ, ರಕ್ತಪರೀಕ್ಷೆ ಇದ್ದರೆ ಬಂಧನ ಬೇಡ ಎಂಬ ವ್ಯವಸ್ಥೆ ಅಲ್ಲಿ ಶುರುವಾದದ್ದು 2000ದಲ್ಲಿ.

ಇಷ್ಟು ತಿಳಿದ ಮೇಲೆ ಕಾಯುವುದು ಹಗುರವಾಯಿತು ಎಂದರೆ ಸುಳ್ಳಾದೀತು. ಆದರೆ ಆ ತಿಂಗಳುಗಳನ್ನು ವ್ಯರ್ಥ ಮಾಡಲಿಲ್ಲ. ಪೆಟ್ಟಿಗೆಯ ಅಭ್ಯಾಸ ಮುಂದುವರಿಸಿದೆವು.

ಪೆಟ್ಟಿಗೆಗೂ ಅಂತರರಾಷ್ಟ್ರೀಯ ವಾಯುಸಾರಿಗೆ ಸಂಘದ ಲೆಕ್ಕವಿದೆ. ಒಳಗೆ ನಾಯಿ ಸಹಜವಾಗಿ ನಿಲ್ಲಬೇಕು, ತಿರುಗಬೇಕು, ಮಲಗಬೇಕು. ವಿದ್ಯಾರ್ಥಿಗಳಿಗೆ ಒಳ್ಳೆಯ ಮನೆಗೆಲಸವಾದೀತು, ಬರೆದುಕೊಳ್ಳಿ: ಮೂಗಿನ ತುದಿಯಿಂದ ಬಾಲದ ಬುಡದವರೆಗಿನ ಉದ್ದಕ್ಕೆ, ನೆಲದಿಂದ ಮುಂಗಾಲಿನ ಮೊಣಕೈವರೆಗಿನ ಎತ್ತರದ ಅರ್ಧ ಸೇರಿಸಿದರೆ ಪೆಟ್ಟಿಗೆಯ ಉದ್ದ. ನಾಯಿಯ ಅಗಲದ ಎರಡರಷ್ಟು ಪೆಟ್ಟಿಗೆಯ ಅಗಲ. ನಿಂತಾಗ ತಲೆ ಅಥವಾ ಕಿವಿಯ ತುದಿ, ಯಾವುದು ಎತ್ತರವೋ ಅದು, ಜೊತೆಗೆ ಹಾಸಿನ ದಪ್ಪ, ಪೆಟ್ಟಿಗೆಯ ಎತ್ತರ. ಕೆಂಚಿಯ ಉದ್ದ 75 ಸೆಂ.ಮೀ., ಮೊಣಕೈ 30, ಅಗಲ 20, ಕಿವಿಯ ತುದಿಗೆ 62. ಹಾಗಾದರೆ ಉದ್ದ 90, ಅಗಲ 40, ಎತ್ತರ 62ರ ಮೇಲೆ ಹಾಸು. ನಾವು ಮೊದಲು ತಂದ ಪೆಟ್ಟಿಗೆಯಲ್ಲಿ ಅವಳ ನಿಮಿರಿದ ಕಿವಿ ಮೇಲ್ಛಾವಣಿಗೆ ತಾಗುತ್ತಿತ್ತು. ವಾಪಸು ಕೊಟ್ಟು ದೊಡ್ಡದು ತಂದೆವು.

ಮೊದಲ ವಾರ ಬಾಗಿಲನ್ನೇ ಬಿಚ್ಚಿಟ್ಟು, ಊಟ ಪೆಟ್ಟಿಗೆಯ ಬಾಯಲ್ಲಿ ಇಟ್ಟೆವು. ಮುಂದಿನ ವಾರ ಒಳಗೆ. ಆಮೇಲೆ ಬಾಗಿಲು ಹಾಕಿ ಒಂದು ನಿಮಿಷ, ಐದು ನಿಮಿಷ, ಅರ್ಧ ಗಂಟೆ, ಒಂದು ರಾತ್ರಿ. ಯಾವತ್ತೂ ಬೈದು ಒಳಗೆ ತಳ್ಳಲಿಲ್ಲ, ಶಿಕ್ಷೆಗೆ ಬಳಸಲಿಲ್ಲ. ಜುಲೈ ಹೊತ್ತಿಗೆ ಗುಡುಗಿದಾಗ ಕೆಂಚಿ ತಾನೇ ಓಡಿ ಅದರೊಳಗೆ ಸೇರುತ್ತಿದ್ದಳು. ನನ್ನ ಹೆಂಡತಿ ತನ್ನ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಹಾಸಿದ್ದಳು. ಒಗೆಯದೆ ಹಾಸು ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ನಾಯಿಗೆ ಮನೆ ಎಂದರೆ ವಾಸನೆ.

ಬಂಧುವೊಬ್ಬರು ‘ನಿದ್ದೆ ಮಾತ್ರೆ ಕೊಟ್ಟು ಕಳಿಸಿಬಿಡಿ’ ಎಂದರು. ಇದನ್ನು ಮಾತ್ರ ಯಾರೂ ಮಾಡಬೇಡಿ. ಮಂಪರಿನಲ್ಲಿರುವ ಪ್ರಾಣಿ ಉಸಿರಾಟ, ರಕ್ತದೊತ್ತಡ, ಮೈಬಿಸಿಗಳನ್ನು ಸರಿದೂಗಿಸಿಕೊಳ್ಳಲಾರದು. ಪೆಟ್ಟಿಗೆ ಅಲುಗಿದಾಗ ಕಾಲೂರಿ ನಿಲ್ಲಲಾರದು. ಪ್ರಾಣಿಗಳನ್ನಿಡುವ ಸರಕಿನ ಕೋಣೆ ಕತ್ತಲೆ ನಿಜ, ಸದ್ದೂ ನಿಜ. ಆದರೆ ಅಲ್ಲಿ ಗಾಳಿಯ ಒತ್ತಡ ಪ್ರಯಾಣಿಕರ ಕೋಣೆಯಂತೆಯೇ ಇರುತ್ತದೆ, ಬೆಚ್ಚಗಿನ ವ್ಯವಸ್ಥೆಯೂ ಇರುತ್ತದೆ. ಚಪ್ಪಟೆ ಮೂಗಿನ ಪಗ್, ಬುಲ್‌ಡಾಗ್‌ಗಳಿಗೆ ಮೊದಲೇ ಉಸಿರು ಕಷ್ಟ, ಅವುಗಳನ್ನು ಅನೇಕ ವಿಮಾನ ಸಂಸ್ಥೆಗಳು ಒಯ್ಯುವುದೇ ಇಲ್ಲ. ನಮ್ಮ ನಾಡ ನಾಯಿಯ ಉದ್ದ ಮೂಗು ಇಲ್ಲಿ ವರವಾಯಿತು.

ಮಕ್ಕಳನ್ನು ವಿದೇಶಕ್ಕೆ ಕಳಿಸುವ ತಂದೆತಾಯಿಯರು ಈಚೆಗೆ ನನ್ನನ್ನು ಕೇಳುವುದುಂಟು. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಬ್ರಿಟನ್ನಿಗೆ ಇದೇ ಮೂರು ತಿಂಗಳ ಕಾಯುವಿಕೆಯ ಜೊತೆಗೆ, ನಾಯಿಯಾದರೆ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳುವಿನ ಔಷಧಿ ಕೊಡಿಸಬೇಕು. ಅಮೆರಿಕ 2024ರ ಆಗಸ್ಟ್ 1ರಿಂದ ನಿಯಮ ಬಿಗಿಮಾಡಿತು. ನಾಯಿಗೆ ಕನಿಷ್ಠ ಆರು ತಿಂಗಳು ವಯಸ್ಸಾಗಿರಬೇಕು, ಚಿಪ್ಪು ಬೇಕು, ಮತ್ತು ಭಾರತದಂಥ ಹೆಚ್ಚು ರೇಬೀಸ್ ಇರುವ ದೇಶಗಳಿಂದ ಬಂದರೆ ಬೇರೆ ಪ್ರಮಾಣಪತ್ರಗಳೂ ಬೇಕು. ಆಸ್ಟ್ರೇಲಿಯಕ್ಕಂತೂ ಭಾರತದಿಂದ ನೇರವಾಗಿ ನಾಯಿಯನ್ನು ಒಯ್ಯುವಂತಿಲ್ಲ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ತಮ್ಮ ಎರಡು ಪುಟ್ಟ ನಾಯಿಗಳನ್ನು ಸ್ವಂತ ವಿಮಾನದಲ್ಲಿ ಹೇಳದೆ ಒಯ್ದು ಅಲ್ಲಿ ಸಿಕ್ಕಿಬಿದ್ದದ್ದು ಜಗತ್ತಿಗೇ ಗೊತ್ತು. ನಾಯಿಗಳನ್ನು ವಾಪಸು ಕಳಿಸಬೇಕಾಯಿತು. ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ಏಳೆಂಟು ತಿಂಗಳು ಮೊದಲೇ ಆ ದೇಶದ ಸರ್ಕಾರದ ಪ್ರಕಟಣೆಯನ್ನೇ ಓದಿ. ನೆಂಟರ ಮಾತು ಕೇಳಬೇಡಿ, ನನ್ನ ಮಾತನ್ನೂ ಪೂರ್ತಿ ನಂಬಬೇಡಿ.

ಆಗಸ್ಟ್ ಮೊದಲ ವಾರ ಮಗಳು ಬಂದಳು. ಗೇಟು ತೆರೆದ ಸದ್ದಿಗೆ ಕೆಂಚಿ ಮಾಡಿದ ಗಲಾಟೆಯನ್ನು ನಾನು ವರ್ಣಿಸಲಾರೆ. ಬೆಂಗಳೂರಿನಲ್ಲಿ ಕೇಂದ್ರ ಸರ್ಕಾರದ ಪ್ರಾಣಿ ಸಂಗರೋಧ ಮತ್ತು ಪ್ರಮಾಣೀಕರಣ ಸೇವೆಯ ಅಧಿಕಾರಿಗಳು ಕಾಗದ ನೋಡಿ, ಆರೋಗ್ಯ ಪ್ರಮಾಣಪತ್ರ ಕೊಟ್ಟರು. ಅದಾದ ಹತ್ತು ದಿನದೊಳಗೆ ನಾಯಿ ಯುರೋಪಿನ ನೆಲ ಮುಟ್ಟಬೇಕು. ಆಗಸ್ಟ್ 12ರಂದು ಹೊರಟರು. ವಿಮಾನಕ್ಕೆ ಕೆಲವು ಗಂಟೆ ಮೊದಲು ಸ್ವಲ್ಪವೇ ಊಟ, ಉದ್ದದ ವಾಕಿಂಗ್, ಬಾಗಿಲಿಗೆ ಸಿಕ್ಕಿಸಿದ ನೀರಿನ ಬಟ್ಟಲು. ಕೆಂಚಿ ತಾನೇ ಪೆಟ್ಟಿಗೆಯೊಳಗೆ ನಡೆದು ಸೀರೆಯ ಮೇಲೆ ಸುತ್ತಿ ಮಲಗಿದಳು. ಕಂಬಿಯ ಸಂದಿನಿಂದ ನನ್ನ ಬೆರಳು ನೆಕ್ಕಿದಳು. ನನ್ನ ಹೆಂಡತಿ ತಿರುಗಿ ನೋಡದೆ ಕಾರಿಗೆ ಹೋದಳು.

ಮರುದಿನ ಫ್ರಾಂಕ್‌ಫರ್ಟಿನಿಂದ ಫೋನು. ‘ಅಪ್ಪಾ, ಯಂತ್ರ ಹಿಡಿದರು. ಟಿಂಯ್ ಅಂತು. ಕಾಗದ ನೋಡಿದರು, ಸಂಖ್ಯೆ ನೋಡಿದರು, ಬಿಟ್ಟರು. ಓದಲಾ?’ ಎಂದಳು. ಅವಳು ಒಂದೊಂದೇ ಅಂಕಿ ಓದಿದಳು. ಹನ್ನೊಂದನೆಯದಕ್ಕೆ ಬಂದಾಗ ನಾವಿಬ್ಬರೂ ಒಟ್ಟಿಗೇ ‘ಮೂರು, ಆರು’ ಎಂದೆವು.

ಕೆಂಚಿ ಈಗ ಅಲ್ಲಿ ತೆರಿಗೆ ಕಟ್ಟುವ ನಾಯಿ. ಜರ್ಮನಿಯ ಊರುಗಳಲ್ಲಿ ನಾಯಿಗೆಂದೇ ತೆರಿಗೆ ಇದೆ. ರೈಲಿನಲ್ಲಿ ಅವಳಿಗೆ ಟಿಕೆಟ್ಟು, ಬಾಯಿಗೆ ಕುಕ್ಕೆ. ಇಲ್ಲಿ ಹಜಾರ ಖಾಲಿಯಾಗಿದೆ.

ನನಗೆ ಉಳಿದದ್ದು ಒಂದು ಪ್ರಶ್ನೆ. ಕೆಂಚಿಗೆ ಇಷ್ಟೆಲ್ಲ ಪರೀಕ್ಷೆ ಬೇಕಾದದ್ದು ಅವಳ ತಪ್ಪಿನಿಂದಲ್ಲ. ಅವಳು ಹುಟ್ಟಿದ ಬೀದಿಯಿಂದ. ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನಮ್ಮ ದೇಶದಲ್ಲೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆ ಬಹುಕಾಲದಿಂದ ಕೊಡುತ್ತ ಬಂದ ಅಂದಾಜು. ಒಂದು ಪ್ರದೇಶದ ನೂರಕ್ಕೆ 70 ನಾಯಿಗಳಿಗೆ ಲಸಿಕೆ ಹಾಕಿದರೆ ರೋಗದ ಸರಪಳಿ ತುಂಡಾಗುತ್ತದೆ ಎಂದೂ ಅದೇ ಸಂಸ್ಥೆ ಹೇಳುತ್ತದೆ. ಪಕ್ಕದ ಗೋವಾ ಹೀಗೆ ಮಾಡಿ 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶ ಎನಿಸಿಕೊಂಡಿತು.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. 1885ರಲ್ಲಿ ಜೋಸೆಫ್ ಮೈಸ್ಟರ್ ಎಂಬ ಹುಡುಗನಿಗೆ ಮೊದಲ ಲಸಿಕೆ ಕೊಡಿಸಿದ ಲೂಯಿ ಪಾಸ್ಚರ್ ತೀರಿಕೊಂಡ ದಿನ ಅದು. 2023ರ ಆ ದಿನ ಎಂಟನೇ ತರಗತಿಯಲ್ಲಿ ನಾನು ಪಾಠ ಬಿಟ್ಟು ಕಥೆ ಹೇಳಿದೆ. ಕೆಂಚಿಯ ಕಥೆಗೆ ನಕ್ಕರು, ನನ್ನ 63ಕ್ಕೆ ಚಪ್ಪಾಳೆ ತಟ್ಟಿ ನಕ್ಕರು. ಆಮೇಲೆ ನನ್ನ ಸ್ನೇಹಿತನ ಕಥೆ ಹೇಳಿದೆ. ನಾಲ್ಕು ದಶಕಗಳಲ್ಲಿ ತರಗತಿಯಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ಹೇಳಲು ಭಯವಾದರೆ ನನಗೆ ಹೇಳಿ ಎಂದೆ.

ಗಂಟೆ ಹೊಡೆಯಿತು. ಎಲ್ಲರೂ ಹೋದ ಮೇಲೆ ಕೊನೆಯ ಬೆಂಚಿನ ಹುಡುಗನೊಬ್ಬ ಉಳಿದ. ಎಡಗೈ ಮುಂದೆ ಚಾಚಿದ. ಹೆಬ್ಬೆರಳ ಬಳಿ ಒಣಗುತ್ತಿದ್ದ ಒಂದು ಗೀರು.

‘ನಿನ್ನೆ ಸಾರ್. ಮರಿಗೆ ಅನ್ನ ಹಾಕೋಕೆ ಹೋಗಿದ್ದೆ. ಮನೇಲಿ ಹೇಳಿಲ್ಲ.’

ನನ್ನ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ದಾರಿಯಲ್ಲಿ ಅವನ ತಂದೆಗೂ ಫೋನು ಮಾಡಿದೆ. ಅವರು ಬಂದರು, ಹೊಡೆಯಲಿಲ್ಲ. ಈಗ ಹೊಕ್ಕುಳಿಗಲ್ಲ, ತೋಳಿಗೆ. 0, 3, 7, 28ನೆಯ ದಿನ, ನಾಲ್ಕು ಭೇಟಿ. ನರ್ಸಮ್ಮ ಚೀಟಿಯಲ್ಲಿ ಹುಡುಗನ ಹೆಸರು, ತಾರೀಖುಗಳನ್ನು ಬರೆದು ಕೊಟ್ಟರು. ನಾನು ಅದನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿ, ಪ್ರತಿ ಅಂಕಿಯನ್ನೂ ನೋಡಿ, ಆಮೇಲೆ ಅವನ ಜೇಬಿಗೆ ಹಾಕಿದೆ.